ಹತ್ತು ಸಾವಿರ ಅಕ್ಕಂದಿರಿಗಾಗಿ ಒಂದು ಅರ್ಜಿ

ಇವರಿಗೆ,
ಮಾನ್ಯ ಅಧ್ಯಕ್ಷರು,
ವಾಹನದೊಳಗಿನ ಸಂವಹನ ಜಾಲಗಳ ತಾಂತ್ರಿಕ ಮಾನಕ ಸಮಿತಿ,
ಸಂವಹನ ಭವನ, ಮೂರನೇ ಮಹಡಿ.

ವಿಷಯ: ಒಂದು ಲಿವರು, ಒಬ್ಬಳು ಅಕ್ಕ ಮತ್ತು ತಮ್ಮ ಸಮಿತಿಯ ಮಾನಕದ ಎಂಟನೇ ಪರಿಷ್ಕರಣೆ.

ಉಲ್ಲೇಖ: ಇದೇ ವಿಷಯವಾಗಿ ನಾನು ತಮಗೆ ಬರೆದ ಹನ್ನೊಂದು ಪತ್ರಗಳು, ಅವುಗಳಿಗೆ ತಾವು ಬರೆಯಲಿರುವ ಹನ್ನೊಂದು ಉತ್ತರಗಳು.

ಮಾನ್ಯರೇ,

ಮೊದಲಿಗೆ ತಮಗೂ, ತಮ್ಮ ಸಮಿತಿಯ ಹದಿನೇಳು ಮಂದಿ ಸದಸ್ಯರಿಗೂ, ತಮ್ಮ ಕಚೇರಿಯ ಫೋನಿನಲ್ಲಿ ‘ತಮ್ಮ ಕರೆ ನಮಗೆ ಅತ್ಯಮೂಲ್ಯ’ ಎಂದು ಬೇಸರವಿಲ್ಲದೆ ಹೇಳುತ್ತಲೇ ಇರುವ ಆ ಕಾಣದ ಮಹಿಳೆಗೂ ನನ್ನ ಸಾದರ ನಮಸ್ಕಾರಗಳು. ತಾವೆಲ್ಲರೂ ಕ್ಷೇಮವೆಂದು ನಂಬಿದ್ದೇನೆ. ನಂಬದೆ ಬೇರೆ ದಾರಿಯೂ ಇಲ್ಲ, ಏಕೆಂದರೆ ತಮ್ಮ ಕಡೆಯಿಂದ ಸುದ್ದಿಯೇ ಇಲ್ಲ. ಇಲ್ಲಿ ನಾವೂ ಕ್ಷೇಮ, ಅಂದರೆ ನಾನು ಕ್ಷೇಮ, ನನ್ನ ಅಕ್ಕ ಕ್ಷೇಮ, ಅಕ್ಕನ ವ್ಯಾನು ಮಾತ್ರ ನಲವತ್ತೇಳು ದಿನಗಳಿಂದ ನನ್ನ ಶೆಡ್ಡಿನೊಳಗೆ ಮೂತಿಯನ್ನು ಗೋಡೆಗೆ ಮಾಡಿಕೊಂಡು ನಿಂತಿದೆ.

ಹಿಂದಿನ ಹನ್ನೊಂದು ಪತ್ರಗಳನ್ನು ಲಕೋಟೆಯಲ್ಲಿಟ್ಟು ಅಂಟಿಸಿದ್ದೇ ತಪ್ಪಾಯಿತೇನೋ ಎಂಬ ಅನುಮಾನ ಬಂದದ್ದರಿಂದ ಇದನ್ನು ತೆರೆದೇ ಬರೆಯುತ್ತಿದ್ದೇನೆ. ಲಕೋಟೆಯನ್ನು ಯಾವ ಬದಿಯಿಂದ ಹರಿಯಬೇಕೆಂಬುದಕ್ಕೆ ತಮ್ಮಲ್ಲಿ ಇನ್ನೂ ಮಾನಕ ಸಿದ್ಧವಾಗಿಲ್ಲದಿರಬಹುದು, ಅದರ ಉಪಸಮಿತಿ ಇನ್ನೂ ಸಭೆ ಸೇರದಿರಬಹುದು. ಆದ್ದರಿಂದ ಈ ಪತ್ರದ ಒಂದು ಪ್ರತಿ ಪತ್ರಿಕೆಗೆ ಹೋಗುತ್ತದೆ, ಒಂದು ಪ್ರತಿ ನನ್ನ ಅಂಗಡಿಯ ಶಟರಿನ ಮೇಲೆ ಅಂಟುತ್ತದೆ, ಒಂದು ಪ್ರತಿ ಪದ್ಧತಿ ಬಿಡಬಾರದೆಂದು ತಮಗೂ ಬರುತ್ತದೆ.

ನನ್ನ ಪರಿಚಯ ಹೇಳಿಕೊಳ್ಳುವುದಾದರೆ, ನಾನು ಬಸ್ ಡಿಪೋದ ಹಿಂದಿನ ಸಾಲಿನಲ್ಲಿ ಮೂರನೇ ಶಟರಿನೊಳಗೆ ಮೂವತ್ತೊಂದು ವರ್ಷಗಳಿಂದ ವಾಹನಗಳ ವೈರಿಂಗ್ ಕೆಲಸ ಮಾಡಿಕೊಂಡಿರುವವನು. ಪತ್ರ ಬಹಿರಂಗವಾದ್ದರಿಂದ, ತಾವಲ್ಲದೆ ಬೇರೆಯವರೂ ಓದುವ, ನಿಜ ಹೇಳಬೇಕೆಂದರೆ ಬೇರೆಯವರು ಮಾತ್ರ ಓದುವ ಸಂಭವ ಇರುವುದರಿಂದ, ತಾವು ಮಾಡುತ್ತಿರುವ ಘನಕಾರ್ಯ ಏನೆಂದು ಅವರಿಗೆ ನಾಲ್ಕು ಮಾತು ತಿಳಿಸುವುದು ನನ್ನ ಕರ್ತವ್ಯ. ಈಗಿನ ವಾಹನಗಳಲ್ಲಿ ಹಿಂದಿನ ಹಾಗೆ ಸ್ವಿಚ್ಚಿನಿಂದ ದೀಪಕ್ಕೆ ನೇರವಾಗಿ ತಂತಿ ಹೋಗುವುದಿಲ್ಲ. ಬ್ರೇಕು, ಬಾಗಿಲು, ವೈಪರು, ದೀಪ, ಎಂಜಿನ್ನು, ಇವಕ್ಕೆಲ್ಲ ಒಂದೊಂದು ಪುಟ್ಟ ತಲೆಯಿದ್ದು, ಆ ತಲೆಗಳೆಲ್ಲ ಒಂದಕ್ಕೊಂದು ಹೊಸೆದ ಎರಡೇ ಎರಡು ತಂತಿಗಳ ಮೇಲೆ ಪರಸ್ಪರ ಮಾತಾಡಿಕೊಳ್ಳುತ್ತವೆ. ಯಾರು ಯಾವಾಗ ಬಾಯಿ ತೆರೆಯಬೇಕು, ಇಬ್ಬರು ಒಟ್ಟಿಗೆ ತೆರೆದರೆ ಯಾರು ಮುಚ್ಚಬೇಕು, ಕೇಳಿಸಿಕೊಂಡವರು ಏನು ಮಾಡಬೇಕು ಎಂಬುದನ್ನೆಲ್ಲ ಆರುನೂರ ಹನ್ನೆರಡು ಪುಟಗಳಲ್ಲಿ ಬರೆದಿಟ್ಟಿರುವ ಪುಸ್ತಕವೇ ತಮ್ಮ ಮಾನಕ.

ಆ ಪುಸ್ತಕದ ಬಗ್ಗೆ ನನಗಿರುವ ಗೌರವ ಹೇಳತೀರದು. ಅದರ ಪ್ರಕಾರ ಪ್ರತಿಯೊಂದು ಸಂದೇಶಕ್ಕೂ ಒಂದು ನಂಬರು. ಎರಡು ಸಂದೇಶಗಳು ಒಂದೇ ಕ್ಷಣದಲ್ಲಿ ಹೊರಟರೆ ಸಣ್ಣ ನಂಬರಿನದು ಮುಂದೆ ಹೋಗುತ್ತದೆ, ದೊಡ್ಡ ನಂಬರಿನದು ‘ನೀನು ಮೊದಲು ಹೇಳಿಬಿಡು’ ಎಂದು ಸುಮ್ಮನೆ ಹಿಂದೆ ಸರಿದು ಕಾಯುತ್ತದೆ, ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳುವುದಿಲ್ಲ. ಇಂಥ ನಡತೆಯನ್ನು ನಾನು ಬಸ್ಸಿನ ಬಾಗಿಲಲ್ಲಿ ಕಂಡಿಲ್ಲ, ಆಸ್ಪತ್ರೆಯ ಲಿಫ್ಟಿನ ಮುಂದೆ ಕಂಡಿಲ್ಲ, ನನ್ನ ಮನೆಯಲ್ಲಂತೂ ಕಂಡೇ ಇಲ್ಲ. ಇದಕ್ಕಿಂತ ಮಿಗಿಲಾದದ್ದು ಇನ್ನೊಂದಿದೆ. ಒಂದು ಘಟಕ, ಅಂದರೆ ಆ ಪುಟ್ಟ ತಲೆಗಳಲ್ಲೊಂದು, ಮಾತಾಡಿ ಮುಗಿಸುತ್ತಿದ್ದಂತೆಯೇ ಕೇಳುತ್ತಿರುವ ಬೇರೆ ಘಟಕಗಳು ‘ಕೇಳಿಸಿತು’ ಎಂದು ಒಂದು ಸಣ್ಣ ಗುರುತು ಹಾಕುತ್ತವೆ. ಒಪ್ಪಿದೆವು ಎಂದಲ್ಲ, ಕೆಲಸ ಮಾಡಿಕೊಡುತ್ತೇವೆ ಎಂದೂ ಅಲ್ಲ, ಕೇಳಿಸಿತು, ಅಷ್ಟೇ. ಯಾರೂ ಆ ಗುರುತು ಹಾಕದಿದ್ದರೆ ಹೇಳಿದ ಘಟಕ ಅದನ್ನೇ ಮತ್ತೆ ಹೇಳುತ್ತದೆ, ಆಗಲೂ ಹಾಕದಿದ್ದರೆ ಮತ್ತೂ ಹೇಳುತ್ತದೆ. ತಮ್ಮ ಈ ನಿಯಮವನ್ನು ನಾನು ಅಕ್ಷರಶಃ ಪಾಲಿಸುತ್ತಿರುವುದರಿಂದಲೇ ಇದು ಹನ್ನೆರಡನೇ ಪತ್ರವಾಗಿದೆ.

ಇನ್ನು ಅಕ್ಕನ ವಿಷಯಕ್ಕೆ ಬರುತ್ತೇನೆ.

ನನ್ನ ಅಕ್ಕ ಮೂರು ಕ್ಲಿನಿಕ್ಕುಗಳ ಹಾಸಿಗೆ ಬಟ್ಟೆ ಒಗೆಯುವ ಲಾಂಡ್ರಿಯ ವ್ಯಾನು ಓಡಿಸುತ್ತಾಳೆ. ಕೊಳೆಯಾದ ಚಾದರ, ದಿಂಬಿನ ಚೀಲ, ಡಾಕ್ಟರುಗಳ ಕೋಟು ಎಲ್ಲವನ್ನೂ ಬೆಳಗ್ಗೆ ತರುವುದು, ಒಗೆದು ಇಸ್ತ್ರಿಯಾದದ್ದನ್ನು ಮಧ್ಯಾಹ್ನದೊಳಗೆ ವಾಪಸು ಮುಟ್ಟಿಸುವುದು, ಯಾವ ಕ್ಲಿನಿಕ್ಕಿನ ಯಾವ ನರ್ಸು ಲೆಕ್ಕಕ್ಕಿಂತ ಎರಡು ಚಾದರ ಕಡಿಮೆ ಕೊಟ್ಟು ‘ಅಷ್ಟೇ ಇದ್ದದ್ದು’ ಎನ್ನುತ್ತಾಳೆಂದು ನೆನಪಿಟ್ಟುಕೊಳ್ಳುವುದು, ಇವೆಲ್ಲ ಅವಳ ಕೆಲಸ. ಹದಿನೈದು ವರ್ಷಗಳ ಹಿಂದೆ ಲಾಂಡ್ರಿಯ ಒದ್ದೆ ಮೆಟ್ಟಿಲ ಮೇಲಿಂದ ಜಾರಿ ಬಿದ್ದು ಅವಳ ಬಲಗಾಲು ಮಂಡಿಯಿಂದ ಕೆಳಗೆ ಅವಳ ಮಾತು ಕೇಳುವುದನ್ನು ನಿಲ್ಲಿಸಿತು. ಅವಳ ಮಾತು ಕೇಳದೆ ಬದುಕಿ ಉಳಿದ ಮೊದಲ ವಸ್ತು ಆ ಕಾಲೇ ಎಂದು ನಮ್ಮ ಭಾವ ಹೇಳುತ್ತಿರುತ್ತಾರೆ, ಅವಳು ಪಕ್ಕದ ಕೋಣೆಯಲ್ಲಿರುವಾಗ.

ಒಂದು ವರ್ಷ ಅವಳು ಮನೆಯಲ್ಲಿ ಕೂತಳು. ಕೂತಳು ಎಂದರೆ ನಮ್ಮೆಲ್ಲರನ್ನೂ ನಿಲ್ಲಿಸಿದಳು. ಕೊನೆಗೆ ತಡೆಯಲಾರದೆ ನಾನು ಅವಳ ವ್ಯಾನಿಗೆ ಸ್ಟೀರಿಂಗಿನ ಪಕ್ಕದಲ್ಲಿ ಒಂದು ಕೈ ಲಿವರು ಮಾಡಿಕೊಟ್ಟೆ. ಮುಂದಕ್ಕೆ ತಳ್ಳಿದರೆ ಒಂದು ಕಬ್ಬಿಣದ ಕೋಲು ಹೋಗಿ ಬ್ರೇಕಿನ ಪೆಡಲನ್ನು ಒತ್ತುತ್ತದೆ. ಹಿಂದಕ್ಕೆ ಎಳೆದರೆ ಒಂದು ಪುಟ್ಟ ಪೆಟ್ಟಿಗೆ ತಂತಿಯ ಮೇಲೆ ಎಂಜಿನ್ನಿಗೆ ‘ವೇಗ ಕೊಡು’ ಎಂದು ಹೇಳುತ್ತದೆ. ಪೆಟ್ಟಿಗೆಯನ್ನು ಮೂರು ವಾರ ಕೂತು ನಾನೇ ಬೆಸುಗೆ ಹಾಕಿ ಮಾಡಿದೆ. ಮೊದಲ ದಿನ ಅವಳು ಶೆಡ್ಡಿನಿಂದ ಡಿಪೋವರೆಗೆ ಹೋಗಿ ತಿರುಗಿ ಬಂದು, ಇಳಿಯದೆ ಕಿಟಕಿಯಲ್ಲೇ ತಲೆ ಹಾಕಿ ‘ಹಿಡಿ ಸ್ವಲ್ಪ ದಪ್ಪ ಆಯ್ತು ಕಣೋ’ ಎಂದಳು. ನಮ್ಮ ಮನೆಯಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆ ಯಾರಿಗೂ ಸಿಕ್ಕಿಲ್ಲ. ಅಂದಿನಿಂದ ಹದಿನಾಲ್ಕು ವರ್ಷ ಅವಳು ಒಂದು ದಿನವೂ ಚಾದರ ತಡಮಾಡಿದವಳಲ್ಲ.

ಪ್ರತಿ ವರ್ಷ ತಪಾಸಣೆಗೆ ಹೋದಾಗ ಅಲ್ಲಿನ ಹಿರಿಯ ತಪಾಸಣೆಗಾರರು ಲಿವರನ್ನು ಒಮ್ಮೆ ಎಳೆದು, ಒಮ್ಮೆ ತಳ್ಳಿ, ಅಕ್ಕನ ಮುಖ ನೋಡಿ, ಬೇಗ ಬೇಗ ಸಹಿ ಹಾಕಿ ಕಳಿಸುತ್ತಿದ್ದರು. ಈ ವರ್ಷ ಅವರು ನಿವೃತ್ತರಾದರು, ತಮ್ಮ ಎಂಟನೇ ಪರಿಷ್ಕರಣೆ ಜಾರಿಗೆ ಬಂತು, ಅದರ ಜೊತೆಗೆ ಒಂದು ಹೊಸ ಯಂತ್ರವೂ, ಅದನ್ನು ಹಿಡಿದುಕೊಂಡ ಒಬ್ಬ ಸಭ್ಯ ಹುಡುಗಿಯೂ ಬಂದರು. ಆಕೆ ಯಂತ್ರದ ಬಾಲವನ್ನು ವ್ಯಾನಿಗೆ ಚುಚ್ಚಿದಳು. ವ್ಯಾನಿನೊಳಗೆ ನಲವತ್ತೊಂದು ಮಂದಿ ಪರಿಚಿತರು ಮಾತಾಡುತ್ತಿದ್ದಾರೆ, ಒಬ್ಬರು ಅಪರಿಚಿತರು ಮಾತಾಡುತ್ತಿದ್ದಾರೆ, ಅಪರಿಚಿತರನ್ನು ತಕ್ಷಣ ಇಳಿಸತಕ್ಕದ್ದು ಎಂಬರ್ಥದ ಕೆಂಪು ಸಾಲು ಪರದೆಯ ಮೇಲೆ ಬಂತು. ‘ಲಿವರ್ ಚೆನ್ನಾಗೇ ಇದೆ ಅಂಕಲ್, ನಂಗೂ ಕಾಣ್ತಿದೆ, ಆದ್ರೆ ಮೆಷಿನ್ ಒಪ್ತಿಲ್ಲ, ನಾನೇನ್ ಮಾಡ್ಲಿ’ ಎಂದು ಆ ಹುಡುಗಿ ನಿಜಕ್ಕೂ ನೊಂದುಕೊಂಡೇ ಹೇಳಿದಳು. ಹದಿನಾಲ್ಕು ವರ್ಷ ಆ ಗಾಡಿಯನ್ನು ಓಡಿಸಿದ ಕೈ ಅಪರಿಚಿತವಾಯಿತು. ಯಾರೂ ಒಮ್ಮೆಯೂ ಹಚ್ಚದ ಸಿಗರೇಟು ಲೈಟರು ಪರಿಚಿತರ ಪಟ್ಟಿಯಲ್ಲಿ ಹದಿನೆಂಟನೆಯದಾಗಿ ಕೂತಿದೆ. ಅದಕ್ಕೂ ನನ್ನ ಅಭಿನಂದನೆಗಳು.

ಆದರೆ ತಾವು ದಯಾಳುಗಳು. ಅಪರಿಚಿತರು ಪರಿಚಿತರಾಗಲು ಒಂದು ದಾರಿ ಇಟ್ಟಿದ್ದೀರಿ, ಅದರ ಹೆಸರು ನಮೂನೆ ಹದಿನಾರು. ಅದನ್ನು ನಾನು ಅಂಗಡಿಯ ಬೆಂಚಿನ ಮೇಲೆ ಹರಡಿಕೊಂಡು ಒಳ್ಳೆಯ ಅಕ್ಷರದಲ್ಲಿ, ಸುಳ್ಳು ಸೇರಿಸದೆ ತುಂಬಿದೆ. ತಯಾರಕರ ಹೆಸರು ಕೇಳಿದ್ದಿರಿ, ನನ್ನದು ಬರೆದೆ. ಕಾರ್ಖಾನೆಯ ವಿಸ್ತೀರ್ಣ ಕೇಳಿದ್ದಿರಿ, ಒಂದು ಶಟರು ಮತ್ತು ಹಿಂದಿನ ಶೆಡ್ಡು ಎಂದು ಬರೆದೆ. ಗುಣಮಟ್ಟ ನಿಯಂತ್ರಣ ವಿಭಾಗದ ಮುಖ್ಯಸ್ಥರು ಯಾರೆಂದು ಕೇಳಿದ್ದಿರಿ, ಅಕ್ಕ ಎಂದು ಬರೆದೆ, ಏಕೆಂದರೆ ಅದರಷ್ಟು ನಿಜವಾದ ಉತ್ತರ ಇಡೀ ನಮೂನೆಯಲ್ಲಿ ಬೇರೊಂದಿಲ್ಲ. ವರ್ಷಕ್ಕೆ ತಯಾರಾಗುವ ಘಟಕಗಳ ಸಂಖ್ಯೆ ಎಂಬಲ್ಲಿ ಮಾತ್ರ ಸ್ವಲ್ಪ ಯೋಚಿಸಿ, ವರ್ಷಕ್ಕೆ ಎನ್ನುವುದನ್ನು ಹೊಡೆದುಹಾಕಿ, ‘ಜೀವಮಾನಕ್ಕೆ ಒಂದು’ ಎಂದು ಬರೆದೆ. ಎಂಟು ದಿನಕ್ಕೆ ಅರ್ಜಿ ವಾಪಸು ಬಂತು. ಜೊತೆಗೊಂದು ಅಚ್ಚಾದ ಚೀಟಿ, ತಮ್ಮ ಕಡೆಯಿಂದ ಈವರೆಗೆ ಬಂದದ್ದು ಅದೊಂದೇ: ಕನಿಷ್ಠ ಸಂಖ್ಯೆ ಹತ್ತು ಸಾವಿರ.

ಮಾನ್ಯರೇ, ನನಗಿರುವುದು ಒಬ್ಬಳೇ ಅಕ್ಕ. ಇದರಲ್ಲಿ ನನ್ನ ತಪ್ಪೇನೂ ಇಲ್ಲ, ಅವಳು ನನಗಿಂತ ಮೊದಲೇ ಹುಟ್ಟಿದ್ದಳು. ಆದರೂ ಕಾನೂನಿಗೆ ತಲೆಬಾಗುವ ಪ್ರಜೆಯಾಗಿ ತಮ್ಮಲ್ಲಿ ಕೇಳಿಕೊಳ್ಳುವುದೇನೆಂದರೆ, ಉಳಿದ ಒಂಬತ್ತು ಸಾವಿರದ ಒಂಬೈನೂರ ತೊಂಬತ್ತೊಂಬತ್ತು ಅಕ್ಕಂದಿರನ್ನು ತಮ್ಮ ಸಮಿತಿಯೇ ದಯಮಾಡಿ ಒದಗಿಸಿಕೊಡಬೇಕು. ಎಲ್ಲರ ಬಲಗಾಲೂ ಮಂಡಿಯಿಂದ ಕೆಳಗೆ ಮುನಿಸಿಕೊಂಡಿರಬೇಕು, ಎಲ್ಲರಿಗೂ ದಪ್ಪ ಹಿಡಿಯ ಬಗ್ಗೆ ಒಂದೇ ಅಭಿಪ್ರಾಯ ಇರಬೇಕು, ಇಲ್ಲದಿದ್ದರೆ ಮಾನಕಕ್ಕೆ ಹೊಂದುವುದಿಲ್ಲ. ಅವರು ಬಂದಿಳಿದ ಮೇಲೆ ಎಲ್ಲರಿಗೂ ಒಟ್ಟಿಗೆ ತಮ್ಮನಾಗಲು ನಾನು ಸಿದ್ಧ. ಒಬ್ಬಳ ಬೈಗುಳವನ್ನೇ ಐವತ್ತನಾಲ್ಕು ವರ್ಷದಿಂದ ಹೊತ್ತುಕೊಂಡಿದ್ದೇನೆ. ಮುಳುಗಿದವನಿಗೆ ಚಳಿಯೇನು, ಮಳೆಯೇನು. ಅಷ್ಟು ಚಾದರಗಳನ್ನು ಕೊಳೆ ಮಾಡಲು ಬೇಕಾಗುವ ಮೂವತ್ತು ಸಾವಿರ ಕ್ಲಿನಿಕ್ಕುಗಳ ಏರ್ಪಾಡನ್ನು ಮಾತ್ರ ತಾವೇ ನೋಡಿಕೊಳ್ಳಬೇಕು.

ಇದರ ನಡುವೆ ವ್ಯಾನು ನಿಂತಿತು, ಚಾದರ ನಿಲ್ಲಲಿಲ್ಲ. ಲಾಂಡ್ರಿಯ ಯಜಮಾನಿ ಇನ್ನೊಂದು ವ್ಯಾನನ್ನೂ ಅದಕ್ಕೊಬ್ಬ ಚಾಲಕನನ್ನೂ ತಾತ್ಕಾಲಿಕವಾಗಿ ಗೊತ್ತುಮಾಡಿದರು, ಅಕ್ಕ ಅವನ ಪಕ್ಕದ ಸೀಟಿನಲ್ಲಿ ಕೂತು ದಾರಿ ತೋರಿಸಲು ಹೋದಳು. ಮೊದಲ ಚಾಲಕ ನಾಲ್ಕನೇ ದಿನ ಜ್ವರವೆಂದ. ಎರಡನೆಯವನು ಗಟ್ಟಿಗ, ಕಿವಿಗೆ ಹತ್ತಿ ಇಟ್ಟುಕೊಂಡು ಓಡಿಸುತ್ತಾನಂತೆ. ಊರಿನ ಜನರೆಲ್ಲ ನಗುತ್ತಾರೆ, ನಾನೂ ನಕ್ಕೆ. ಆದರೆ ಮೊನ್ನೆ ಅವಳು ಸಂಜೆ ಶೆಡ್ಡಿಗೆ ಬಂದು, ನಿಂತ ವ್ಯಾನಿನ ಬಾಗಿಲು ತೆಗೆದು ತನ್ನ ಸೀಟಿನಲ್ಲಿ ಕೂತು, ಲಿವರಿನ ಮೇಲೆ ಕೈ ಇಟ್ಟುಕೊಂಡು ಅರ್ಧ ಗಂಟೆ ಸುಮ್ಮನಿದ್ದಳು. ಬೈಯಲಿಲ್ಲ. ಅವಳು ಬೈಯದೆ ಇದ್ದ ಆ ಅರ್ಧ ಗಂಟೆ ನನಗೆ ಬಹಳ ಹೆದರಿಕೆಯಾಯಿತು. ತಿಂಗಳ ಕೊನೆಯೊಳಗೆ ವ್ಯಾನಿಗೆ ತಪಾಸಣೆಯ ಚೀಟಿ ಸಿಗದಿದ್ದರೆ ಆ ದಾರಿಯನ್ನು ಹತ್ತಿಯ ಚಾಲಕನಿಗೇ ಕಾಯಂ ಮಾಡುವುದಾಗಿ ಯಜಮಾನಿ ಹೇಳಿದ್ದಾರೆ, ಅವರದೂ ತಪ್ಪಿಲ್ಲ. ಇಂದಿಗೆ ಹನ್ನೊಂದು ದಿನ ಉಳಿದಿದೆ.

ಇಲ್ಲಿಯವರೆಗೆ ಓದಿದವರು, ತಾವಲ್ಲದಿದ್ದರೂ ಬೇರೆ ಯಾರಾದರೂ, ಈ ವೈರಿಂಗಿನವನು ಸಾಚಾ, ಸಮಿತಿಯವರೇ ಖಳರು ಎಂದುಕೊಳ್ಳಬಹುದು. ನಾನೂ ಹಾಗೆಯೇ ಅಂದುಕೊಂಡಿದ್ದೆ. ಆ ನಂಬಿಕೆಯಿಂದಲೇ ತಮ್ಮ ಮಾನಕವನ್ನು ಪೂರ್ತಿ ಓದಿ, ಅದರಲ್ಲೊಂದು ಹುಳುಕು ಹುಡುಕಿ, ತಮ್ಮ ಮುಖದ ಮೇಲೆ ಹಿಡಿಯಬೇಕೆಂದು ಹೊರಟೆ. ಎಲ್ಲರೂ ಪಾಲಿಸಲೇಬೇಕಾದ ಪುಸ್ತಕ ಎಲ್ಲರಿಗೂ ಸಿಗಬಾರದೆಂಬ ತಮ್ಮ ದೂರದೃಷ್ಟಿಯಿಂದಾಗಿ ಅದು ಸಂವಹನ ಭವನದ ಓದುವ ಕೋಣೆಯಲ್ಲಿ ಮಾತ್ರ, ಮಂಗಳವಾರ ಮತ್ತು ಗುರುವಾರ, ಎರಡರಿಂದ ನಾಲ್ಕರವರೆಗೆ ಮಾತ್ರ ಲಭ್ಯ. ಪ್ರತಿ ಮಾಡಕೂಡದು, ಪೆನ್ನು ತರಕೂಡದು, ಪುಸ್ತಕವನ್ನು ಮೇಜಿನಿಂದ ಎತ್ತಕೂಡದು. ಗೋಡೆಯ ಮೇಲೆ ಕೆಂಪಕ್ಷರದಲ್ಲಿ ‘ಮಾತನಾಡಕೂಡದು’ ಎಂಬ ಫಲಕವಿದೆ. ಸಂವಹನ ಭವನದಲ್ಲಿ ಅದಕ್ಕಿಂತ ಸೂಕ್ತವಾದ ಫಲಕ ನನಗೂ ಹೊಳೆಯಲಿಲ್ಲ. ವಾರಕ್ಕೆರಡು ಮಧ್ಯಾಹ್ನ ಅಂಗಡಿ ಮುಚ್ಚಿ, ಸೀಸದ ಕಡ್ಡಿ ಹಿಡಿದು, ಎಂಟು ಸಲ ಹೋಗಿ ಕೂತೆ. ಬೆಟ್ಟ ಅಗೆದು ಇಲಿ ಹಿಡಿಯಲು ಹೋದವನಿಗೆ ಒಂಬತ್ತನೇ ಸಲ ಹುಲಿ ಸಿಕ್ಕಿತು.

ಮುನ್ನೂರ ಎಂಬತ್ತೆಂಟನೇ ಪುಟದಲ್ಲಿ ಒಂದು ಎಚ್ಚರಿಕೆಯಿದೆ. ಅತಿ ಸಣ್ಣ ನಂಬರನ್ನು ಹಿಡಿದುಕೊಂಡ ಒಂದು ಘಟಕ ಬಿಡುವಿಲ್ಲದೆ ಮಾತಾಡುತ್ತಿದ್ದರೆ ಉಳಿದ ಘಟಕಗಳು ಮರ್ಯಾದೆಯಿಂದ ಕಾಯುತ್ತಲೇ ಇರುತ್ತವೆ, ಅವುಗಳ ಸಂದೇಶ ತಡವಾಗಿ ಮುಟ್ಟುತ್ತದೆ, ಉದಾಹರಣೆಗೆ ಹಿಂದಿನ ಬ್ರೇಕ್ ದೀಪ ತಡವಾಗಿ ಹತ್ತಬಹುದು. ಇದನ್ನು ಓದಿ ನಾನು ಸೀಸದ ಕಡ್ಡಿ ಕೆಳಗಿಟ್ಟೆ.

ಏಕೆಂದರೆ ಅಕ್ಕನ ಪೆಟ್ಟಿಗೆಗೆ ನಂಬರು ಕೊಟ್ಟವನು ನಾನು. ಹದಿನಾಲ್ಕು ವರ್ಷದ ಹಿಂದೆ ಅದರ ಮುಂದೆ ಕೂತಾಗ ಬ್ರೇಕಿನದು ಹದಿನಾರು, ಬ್ರೇಕ್ ದೀಪದ್ದು ನಲವತ್ತೆರಡು, ವೈಪರಿನದು ಇನ್ನೂರ ಹತ್ತು ಎಂದು ಎಲ್ಲರ ನಂಬರೂ ನನ್ನ ಮುಂದಿತ್ತು. ಒಂದನೇ ನಂಬರು ಖಾಲಿ ಇತ್ತು. ಅಕ್ಕನ ಕೈಯಿಂದ ಹೊರಟ ಮಾತನ್ನು ಹಿಂಬದಿಯ ಒಂದು ದೀಪದ ಬೆನ್ನಿಗೆ ಸಾಲಿನಲ್ಲಿ ನಿಲ್ಲಿಸಲು ನನಗೆ ಕೈ ಬರಲಿಲ್ಲ. ನಮ್ಮ ಮನೆಯಲ್ಲಿ ಬಿಸಿನೀರು ಮೊದಲು ಅವಳಿಗೆ, ಊಟದ ತಟ್ಟೆ ಮೊದಲು ಅವಳಿಗೆ, ಮಾತು ಮೊದಲೂ ಕೊನೆಯೂ ಅವಳದೇ. ಒಂದನ್ನೇ ಕೊಟ್ಟೆ. ಅಷ್ಟು ಸಾಲದೆಂದು, ಅವಳ ಮಾತು ಯಾರಿಗೂ ಕೇಳಿಸದೆ ಹೋಗಬಾರದೆಂದು, ಲಿವರಿನ ಮೇಲೆ ಕೈ ಇರುವಷ್ಟು ಹೊತ್ತೂ ಬಿಡುವಿಲ್ಲದೆ ಹೇಳುತ್ತಲೇ ಇರುವಂತೆ ಪೆಟ್ಟಿಗೆಯನ್ನು ಹೊಂದಿಸಿದೆ. ಅದನ್ನು ನಾನು ಗೌರವ ಎಂದುಕೊಂಡಿದ್ದೆ. ತಮ್ಮ ಪುಸ್ತಕ ಅದನ್ನು ದೋಷ ಎನ್ನುತ್ತದೆ, ಮತ್ತು ಪುಸ್ತಕವೇ ಸರಿ.

ಓದುವ ಕೋಣೆಯಿಂದ ನೇರ ಶೆಡ್ಡಿಗೆ ಬಂದು, ಭಾವನನ್ನು ವ್ಯಾನಿನ ಹಿಂದೆ ನಿಲ್ಲಿಸಿ, ಲಿವರು ಎಳೆದು ತಟ್ಟನೆ ತಳ್ಳಿದೆ. ನಾನು ‘ಈಗ’ ಎಂದು ಕೂಗಿದ ಮೇಲೆ, ಒಂದು ಉಸಿರು ಕಳೆದು ದೀಪ ಹತ್ತಿತು ಎಂದು ಭಾವ ಹೇಳಿದರು. ಹತ್ತು ಸಲ ಮಾಡಿದೆ, ಏಳು ಸಲ ತಡವಾಯಿತು.

ಎರಡು ವರ್ಷಗಳ ಹಿಂದೆ ಎರಡನೇ ಕ್ಲಿನಿಕ್ಕಿನ ಎದುರಿನ ಸಿಗ್ನಲ್ಲಿನಲ್ಲಿ ಒಂದು ಬ್ರೆಡ್ ವ್ಯಾನು ಹಿಂದಿನಿಂದ ಬಂದು ಅಕ್ಕನ ವ್ಯಾನಿಗೆ ಗುದ್ದಿತ್ತು. ಯಾರಿಗೂ ಏಟಾಗಲಿಲ್ಲ, ಬಂಪರು ಮಾತ್ರ ಒಳಗೆ ಹೋಯಿತು. ಅಕ್ಕ ಆ ಚಾಲಕನನ್ನು ರಸ್ತೆಯಲ್ಲಿ ನಿಲ್ಲಿಸಿ ಬೈದಳು, ನಾನು ಅಂಗಡಿಯಿಂದ ಓಡಿಹೋಗಿ ನನ್ನ ಪಾಲನ್ನೂ ಬೈದೆ. ‘ದೀಪ ಹತ್ಲೇ ಇಲ್ಲ ಅಣ್ಣಾ’ ಎಂದು ಅವನು ಮೂರು ಸಲ ಹೇಳಿದ. ಮೂವತ್ತು ವರ್ಷ ದೀಪಗಳ ಮಧ್ಯೆಯೇ ಬದುಕಿದ ನಾನು ಎಲ್ಲರ ಮುಂದೆ ಬ್ರೇಕು ಒತ್ತಿ ತೋರಿಸಿದೆ, ಲಿವರು ಮುಟ್ಟದೆ, ಕಾಲಿನಿಂದ. ದೀಪ ಝಗ್ಗನೆ ಹತ್ತಿತು, ಜನ ನಕ್ಕರು. ಬೇಕರಿಯ ಮಾಲೀಕರು ಅವನ ಕೈಯಿಂದ ಬೀಗದ ಕೈ ಕಿತ್ತುಕೊಂಡು ಒಳಗೆ ಟ್ರೇ ಹೊರುವ ಕೆಲಸಕ್ಕೆ ಹಾಕಿದರು. ತನ್ನ ತಟ್ಟೆಯಲ್ಲಿ ಹೆಗ್ಗಣ ಸತ್ತು ಬಿದ್ದಿರುವಾಗ ಪಕ್ಕದವರ ತಟ್ಟೆಯ ನೊಣ ಎಣಿಸಿದವನು ಎಂಬ ಮಾತನ್ನು ನಾನು ಬಹಳ ಜನರಿಗೆ ಹೇಳಿದ್ದೇನೆ, ನನಗೆ ಅನ್ವಯಿಸಿಕೊಂಡದ್ದು ಶೆಡ್ಡಿನಲ್ಲಿ ದೀಪ ತಡಮಾಡಿದ ಆ ದಿನವೇ ಮೊದಲು.

ಮರುದಿನ ಬೆಳಗ್ಗೆ ಬೇಕರಿಗೆ ಹೋಗಿ, ಮಾಲೀಕರ ಮುಂದೆಯೂ ಆ ಚಾಲಕನ ಮುಂದೆಯೂ ತಪ್ಪು ನನ್ನದೆಂದು ಹೇಳಿದೆ. ಅವನು ಕೈಯ ಹಿಟ್ಟು ಒರೆಸಿಕೊಂಡು, ‘ಅವತ್ತೇ ಹೇಳಿದ್ನಲ್ಲ ಅಣ್ಣಾ’ ಎಂದ, ಅಷ್ಟೇ ಎಂದ. ಅವನು ಬೈದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಸೋಮವಾರದಿಂದ ಅವನು ಮತ್ತೆ ವ್ಯಾನಿನಲ್ಲಿದ್ದಾನೆ. ಇದಕ್ಕಾಗಿ ಅವನು ಯಾವ ನಮೂನೆಯನ್ನೂ ತುಂಬಲಿಲ್ಲ, ಹತ್ತು ಸಾವಿರ ಚಾಲಕರನ್ನು ಜೊತೆಗೆ ಕರೆತರಲಿಲ್ಲ. ಆ ಮಾಲೀಕರ ಹತ್ತಿರ ಎಂಟನೇ ಪರಿಷ್ಕರಣೆ ಇಲ್ಲ, ಎರಡು ಕಿವಿಗಳಿವೆ.

ಅಕ್ಕನಿಗೆ ಹೇಳುವುದು ಇದಕ್ಕಿಂತ ಕಷ್ಟವಾಯಿತು. ಕೇಳಿ ಮುಗಿಸಿ ಅವಳು, ‘ಲಿವರ್ ಎಳೆದಾಗ ವೈಪರ್ ತಡವರಿಸುತ್ತೆ ಅಂತ ನಾಲ್ಕು ವರ್ಷದಿಂದ ಬಡ್ಕೊಂಡೆ. ನೀನೇನಂದೆ?’ ಎಂದು ಕೇಳಿದಳು. ನಾನು ಅಂದದ್ದು ಅವಳಿಗೂ ನೆನಪಿತ್ತು, ನನಗೂ ನೆನಪಿತ್ತು. ‘ಹಳೇ ವ್ಯಾನು ಅಕ್ಕ, ನಮ್ಮ ಹಾಗೆ ಅದಕ್ಕೂ ವಯಸ್ಸಾಯ್ತು’ ಎಂದಿದ್ದೆ. ಹಾಗೆ ನೋಡಿದರೆ, ಮಾನ್ಯರೇ, ‘ಕೇಳಿಸಿತು’ ಎಂಬ ಗುರುತು ಹಾಕದೆ ಕೂತವರಲ್ಲಿ ನಾನು ತಮಗಿಂತ ನಾಲ್ಕು ವರ್ಷ ಹಿರಿಯ. ಈ ವಿಷಯದಲ್ಲಿ ತಮ್ಮ ಸಮಿತಿಗೆ ಹದಿನೆಂಟನೇ ಸದಸ್ಯನಾಗಲು ಬೇಕಾದ ಅರ್ಹತೆ ನನಗಿದೆ.

ತಪ್ಪು ಗೊತ್ತಾದ ಮೇಲೆ ಅದನ್ನು ತಿದ್ದಲು ಹಿಡಿದದ್ದು ಒಂದು ಮಧ್ಯಾಹ್ನ. ಪೆಟ್ಟಿಗೆಗೆ ನೂರಾ ಹದಿನೆಂಟು ಎಂಬ ನಂಬರು ಕೊಟ್ಟು, ಬೇಕಾದಾಗ ಮಾತ್ರ ಮಾತಾಡುವಂತೆ ಹೊಂದಿಸಿದೆ. ಎಷ್ಟನೇ ನಂಬರು ಎಂದು ಅಕ್ಕ ಕೇಳಿದಳು. ಹೇಳಿದೆ. ಅವಳು ‘ವೈಪರ್‌ಗಿಂತ ಮುಂದೆ ಇದೀನಿ ತಾನೇ?’ ಎಂದಳು, ಇದ್ದೀಯ ಎಂದೆ, ಹಾಗಾದರೆ ಸರಿ ಎಂದಳು. ಶೆಡ್ಡಿನ ಅಂಗಳದಲ್ಲಿ ಇನ್ನೂರು ಸಲ ತಳ್ಳಿ ಎಳೆದು ನೋಡಿದ್ದೇವೆ. ಬ್ರೇಕ್ ದೀಪ ಒಂದು ಸಲವೂ ತಡಮಾಡಿಲ್ಲ, ನೋಡಿ ನೋಡಿ ಭಾವನ ಕಣ್ಣು ಕೆಂಪಾಗಿದೆ. ತಪಾಸಣೆಯ ಆ ಹುಡುಗಿ ತನ್ನ ರಜಾದಿನ ಯಂತ್ರ ಹಿಡಿದು ಬಂದು ನೋಡಿ, ಜಾಲದಲ್ಲಿ ಎಳ್ಳಷ್ಟೂ ದೋಷವಿಲ್ಲವೆಂದು ಒಪ್ಪಿದಳು. ಯಂತ್ರ ಮಾತ್ರ ಅದೇ ಕೆಂಪು ಸಾಲು ತೋರಿಸಿತು, ಏಕೆಂದರೆ ಅದಕ್ಕೆ ಬೇಕಾಗಿರುವುದು ತಪ್ಪಿದೆಯೇ ಇಲ್ಲವೇ ಎಂಬುದಲ್ಲ, ಪಟ್ಟಿಯಲ್ಲಿ ಹೆಸರಿದೆಯೇ ಇಲ್ಲವೇ ಎಂಬುದು. ಒಂದನೇ ನಂಬರು ಹಿಡಿದು ಎಲ್ಲರ ಬಾಯಿ ಮುಚ್ಚಿಸುತ್ತಿದ್ದ ಅಕ್ಕನೂ ಅದಕ್ಕೆ ಅಪರಿಚಿತಳೇ, ನೂರಾ ಹದಿನೆಂಟರಲ್ಲಿ ತಗ್ಗಿ ಬಗ್ಗಿ ನಡೆಯುತ್ತಿರುವ ಅಕ್ಕನೂ ಅಪರಿಚಿತಳೇ.

ಆದ್ದರಿಂದ ತಮ್ಮ ಬಗ್ಗೆ ನನ್ನ ದೂರು ಈಗ ಬದಲಾಗಿದೆ. ತಾವು ಬರೆದದ್ದು ತಪ್ಪೆಂದು ನಾನು ಹೇಳುವುದಿಲ್ಲ. ಮುನ್ನೂರ ಎಂಬತ್ತೆಂಟನೇ ಪುಟವನ್ನು ಬರೆದ ಕೈ ಯಾರದೋ ಗೊತ್ತಿಲ್ಲ, ಆ ಕೈಗೆ ನಮಸ್ಕಾರ, ಇದರಲ್ಲಿ ವ್ಯಂಗ್ಯವಿಲ್ಲ. ಆ ಪುಟ ಒಂದು ಜೀವ ಉಳಿಸಿದ್ದರೂ ಉಳಿಸಿರಬಹುದು. ಆದರೆ ಅದನ್ನು ಬರೆದವರು ಅದನ್ನು ಓದಬೇಕಾದವನ ಕಣ್ಣಿಗೆ ಬೀಳದಂತೆ ವಾರಕ್ಕೆ ನಾಲ್ಕು ಗಂಟೆಯ ಕೋಣೆಯಲ್ಲಿ ಮುಚ್ಚಿಟ್ಟದ್ದೇಕೆ? ನನ್ನ ಬೆಂಚಿನ ಮೇಲೆ ಅದೊಂದು ಪುಟ ಹದಿನಾಲ್ಕು ವರ್ಷದ ಹಿಂದೆ ಇದ್ದಿದ್ದರೆ ಬ್ರೆಡ್ಡಿನವನು ಎರಡು ವರ್ಷ ಟ್ರೇ ಹೊರುತ್ತಿರಲಿಲ್ಲ. ಮತ್ತು ತಪ್ಪನ್ನು ತಿದ್ದಿಕೊಂಡು ಬಂದವನಿಗೆ, ತಿದ್ದಿದ್ದು ಸಾಲದು, ಕಿತ್ತು ಬಿಸಾಡು ಎನ್ನುವುದು ನೆಗಡಿ ಬಂತೆಂದು ಮೂಗು ಕೊಯ್ಯುವ ವೈದ್ಯರ ರೀತಿ. ಮೂಗು ಕೊಯ್ದರೆ ನೆಗಡಿ ಹೋಗುವುದು ಖಂಡಿತ, ತಮ್ಮ ಅಂಕಿಅಂಶಗಳಿಗೆ ಅದರಿಂದ ಒಳ್ಳೆಯದೇ ಆಗುತ್ತದೆ.

ತಮ್ಮದೇ ಮಾನಕದಲ್ಲಿ ನನಗೆ ಬಹಳ ಹಿಡಿಸಿದ ಇನ್ನೊಂದು ನಿಯಮವಿದೆ. ಮೇಲಿಂದ ಮೇಲೆ ತಪ್ಪು ಮಾಡುವ ಘಟಕ ತನ್ನ ತಪ್ಪುಗಳನ್ನು ತಾನೇ ಎಣಿಸಿಕೊಂಡು, ಎಣಿಕೆ ಮಿತಿ ಮೀರಿದಾಗ ಯಾರೂ ಹೇಳದೆ ತಾನಾಗಿ ಬಾಯಿ ಮುಚ್ಚಿ ಜಾಲದಿಂದ ಹೊರಗೆ ಸರಿಯುತ್ತದೆ. ಇದನ್ನು ಸಮಿತಿಯ ಸಭಾಂಗಣದಲ್ಲೂ ಜಾರಿಗೆ ತಂದರೆ ಕುರ್ಚಿಗಳಿಗೆ ಸ್ವಲ್ಪ ವಿಶ್ರಾಂತಿ ಸಿಗುತ್ತದೆಂದು ಸೂಚಿಸುವ ಧೈರ್ಯ ನನಗಿಲ್ಲ, ಆದ್ದರಿಂದ ಸೂಚಿಸುತ್ತಿಲ್ಲ. ಅದರ ಕೆಳಗೇ ಒಂದು ವಿನಾಯಿತಿ ಇದೆ, ಅದನ್ನು ಸೀಸದ ಕಡ್ಡಿಯಲ್ಲಿ ಎರಡು ಸಲ ಬರೆದುಕೊಂಡೆ: ಯಾರೂ ‘ಕೇಳಿಸಿತು’ ಎನ್ನದ ಕಾರಣಕ್ಕೆ ಒಂಟಿಯಾಗಿ ಕೂಗುತ್ತಿರುವ ಘಟಕವನ್ನು ಆ ಕಾರಣದಿಂದಲೇ ಹೊರಹಾಕಕೂಡದು. ಅದು ತಪ್ಪು ಮಾಡಿಲ್ಲ, ಕೇಳುವವರಿಲ್ಲ, ಅಷ್ಟೇ. ಒಂದು ಪೆಟ್ಟಿಗೆಯ ವಿಷಯದಲ್ಲಿ ತಾವು ಇಷ್ಟು ನ್ಯಾಯವಾಗಿ ಯೋಚಿಸಬಲ್ಲಿರೆಂದು ತಿಳಿದು ನನಗೆ ಕಣ್ಣು ತುಂಬಿಬಂತು.

ಅಸಾಧ್ಯವಾದದ್ದನ್ನೆಲ್ಲ ಮೇಲೆ ಕೇಳಿಯಾಯಿತು. ಸಾಧ್ಯವಾದದ್ದು ಒಂದೇ ಇದೆ. ನಮೂನೆ ಹದಿನಾರರಲ್ಲಿ ‘ಹತ್ತು ಸಾವಿರ’ ಎಂದಿರುವ ಕಡೆ, ಯಾರಾದರೊಬ್ಬರು ಬಂದು ಘಟಕವನ್ನು ಪರೀಕ್ಷಿಸಿ ಸರಿಯಿದೆ ಎಂದರೆ, ‘ಒಂದು’ ಎಂದು ಬರೆಯಲು ಬಿಡಿ. ಪರೀಕ್ಷೆ ಎಷ್ಟು ಕಠಿಣವಾದರೂ ಇರಲಿ, ಎಷ್ಟು ಸಲ ಬೇಕಾದರೂ ಮಾಡಿ, ನಾನು ತಪ್ಪು ಮಾಡಬಲ್ಲವನೆಂದು ಈಗ ನನಗೂ ಗೊತ್ತು. ಅಕ್ಕನ ವ್ಯಾನಿಗೆ ಹನ್ನೊಂದು ದಿನದೊಳಗೆ ಒಂದು ಚೀಟಿ ಸಿಗಲಿ. ಅವಳು ಪಕ್ಕದ ಸೀಟಿನಲ್ಲಿ ಕೂತು ಮುದುಕಿಯಾಗುವುದನ್ನು ನನ್ನ ಕೈಲಿ ನೋಡಲಾಗದು.

ಹನ್ನೆರಡನೇ ಬಾರಿಗೂ, ಬೇರೆ ಗತಿಯಿಲ್ಲದೆ,
ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ವೈರಿಂಗ್ ಕೆಲಸದವನು,
ಬಸ್ ಡಿಪೋ ಹಿಂದೆ, ಮೂರನೇ ಶಟರು.

ಮರೆತ ಮಾತು: ಇದರೊಂದಿಗೆ ಒಂದು ಕಾರ್ಡು ಲಗತ್ತಿಸಿದೆ. ವಿಳಾಸ ಬರೆದಾಗಿದೆ, ಅಂಚೆ ಚೀಟಿ ಅಂಟಿಸಿಯಾಗಿದೆ. ಹಿಂಬದಿಯಲ್ಲಿ ‘ಕೇಳಿಸಿತು’ ಎಂದು ಬರೆದು ಪಕ್ಕದಲ್ಲಿ ಒಂದು ಚೌಕ ಬಿಟ್ಟಿದ್ದೇನೆ, ತಾವು ಅದರೊಳಗೆ ಒಂದು ಗೀರು ಎಳೆದರೆ ಸಾಕು. ಅಕ್ಕನ ವ್ಯಾನಿನ ಹಿಂದಿನ ಎಡಬಾಗಿಲು ಈ ಕೆಲಸವನ್ನು ಸೆಕೆಂಡಿಗೆ ನೂರು ಸಲ ಮಾಡುತ್ತದೆ, ಅದೂ ಉಪಸಮಿತಿಯ ನೆರವಿಲ್ಲದೆ. ಬರುವ ಸೋಮವಾರದೊಳಗೆ ಕಾರ್ಡು ನಮ್ಮ ಕೈ ಸೇರದಿದ್ದರೆ, ಹದಿಮೂರನೇ ಪತ್ರ ಬರೆಯುವ ತೊಂದರೆ ನನಗಿರುವುದಿಲ್ಲ. ಮಂಗಳವಾರ ಎರಡು ಗಂಟೆಗೆ ಅಕ್ಕನೇ ತಮ್ಮ ಓದುವ ಕೋಣೆಗೆ ಬರುತ್ತಾಳೆ. ‘ಮಾತನಾಡಕೂಡದು’ ಎಂಬ ಫಲಕದ ವಿಷಯ ಅವಳಿಗೆ ಹೇಳಿದ್ದೇನೆ. ಆ ದಿನ ಕನ್ನಡಕ ಮನೆಯಲ್ಲೇ ಬಿಟ್ಟು ಬರುವುದಾಗಿ ಹೇಳಿದ್ದಾಳೆ.